ತಿಂಡಿ ನಮ್ಮದು, ಹೊತ್ತು ಅವರದು

ಯಾರ್ಕ್‌ಷೈರಿನ ಪೇಟೆಬೀದಿಯ ಕೆಫೆಗಳಲ್ಲಿ ಗಾಜಿನ ಕಪಾಟಿನ ಮೇಲೆ 'ಟಿಫಿನ್' ಅಂತ ಚೀಟಿ ಕಂಡರೆ ಒಳಗೆ ಇಡ್ಲಿ ಹುಡುಕಬೇಡಿ. ಅಲ್ಲಿರುವುದು ಚೌಕಾಕಾರದ ಚಾಕೊಲೇಟ್ ತುಂಡು. ಡೈಜೆಸ್ಟಿವ್ ಬಿಸ್ಕತ್ತನ್ನು ತರಿತರಿಯಾಗಿ ಪುಡಿ ಮಾಡಿ, ಬೆಣ್ಣೆ, ಸಕ್ಕರೆ, ಸಿರಪ್ಪು, ಕೋಕೋ, ಒಂದು ಹಿಡಿ ಒಣದ್ರಾಕ್ಷಿ ಸೇರಿಸಿ ಕಲಸಿ, ತಟ್ಟೆಗೆ ಒತ್ತಿ, ಮೇಲೆ ಕರಗಿಸಿದ ಚಾಕೊಲೇಟ್ ಸುರಿದು ಫ್ರಿಜ್ಜಿನಲ್ಲಿಟ್ಟರೆ ಮುಗಿಯಿತು. ಓವನ್ನಿಗೆ ಇಡುವ ಕೆಲಸವೂ ಇಲ್ಲ. ಸ್ಕಾಟ್ಲೆಂಡಿನ ಟ್ರೂನ್ ಊರಿನಲ್ಲಿ ಹುಟ್ಟಿದ ತಿನಿಸು ಅನ್ನುತ್ತಾರೆ. ರುಚಿಗೇನೂ ಮೋಸವಿಲ್ಲ, ಆದರೆ ಅರ್ಧ ತುಂಡಿಗೇ ಬಾಯಿ ಕಟ್ಟಿಹೋಗುತ್ತದೆ.

ಇಲ್ಲಿಯ ಹುಡುಗರಿಗೆ ಟಿಫಿನ್ ಅಂದರೆ ಇಷ್ಟೇ. ಅವರ ಮುತ್ತಜ್ಜಂದಿರ ಆಡುಮಾತೊಂದು ಹಡಗು ಹತ್ತಿ ಬಂದು ಬೆಂಗಳೂರಿನ ಹೋಟೆಲ್ ಬೋರ್ಡುಗಳ ಮೇಲೆ ಎಷ್ಟೋ ವರ್ಷದಿಂದ ಕೂತಿದೆ ಅಂದರೆ ನಂಬುವುದಿಲ್ಲ. ಹಾಗೆ ನೋಡಿದರೆ ನಮ್ಮವರೂ ನಂಬುವುದಿಲ್ಲ. ಟಿಫಿನ್ನು ಹಿಂದಿಯದು ಅನ್ನುವವರಿದ್ದಾರೆ, ತಮಿಳಿನದು ಅನ್ನುವವರಿದ್ದಾರೆ. ನನ್ನ ಮಾವನವರ ಪ್ರಕಾರ ಅದು ಪಾರ್ಸಿಗಳು ತಂದದ್ದು. ಅದು ಅಪ್ಪಟ ಇಂಗ್ಲಿಷು, ಅದೂ ಹೆಂಡದಂಗಡಿಯ ಇಂಗ್ಲಿಷು.

17ನೇ ಶತಮಾನದ ಇಂಗ್ಲಿಷಿನಲ್ಲಿ 'ಟಿಫ್' ಅಂದರೆ ತೆಳ್ಳನೆಯ ಮದ್ಯ. ಆಮೇಲೆ ಅದೇ ಮಾತು ಒಂದು ಗುಟುಕು ಕುಡಿಯುವುದಕ್ಕೂ ಬಂತು. 1785ರಲ್ಲಿ ಫ್ರಾನ್ಸಿಸ್ ಗ್ರೋಸ್ ಎಂಬ ಹಳೆಯ ಸೇನಾಧಿಕಾರಿ ಬೀದಿಮಾತುಗಳದ್ದೇ ಒಂದು ನಿಘಂಟು ಅಚ್ಚು ಹಾಕಿಸಿದ. ಅದರಲ್ಲಿ 'ಟಿಫಿಂಗ್' ಅನ್ನುವುದಕ್ಕೆ ಮೊದಲ ಅರ್ಥ, ಊಟದ ಹೊತ್ತಲ್ಲದ ಹೊತ್ತಿನಲ್ಲಿ ತಿನ್ನುವುದು, ಕುಡಿಯುವುದು. ಎರಡನೆಯದು, ಜಗಳವಾಡಿ ಮುನಿಸಿಕೊಳ್ಳುವುದು. ಮೂರನೆಯದು ಮನೆಮಂದಿಯೆಲ್ಲ ಕೂತಿರುವಾಗ ಹೇಳುವಂಥದ್ದಲ್ಲ. ತಮಾಷೆಯೆಂದರೆ ಈ ಮೂರರಲ್ಲಿ ಇಂಗ್ಲೆಂಡಿನಲ್ಲಿ ಇವತ್ತಿಗೂ ಉಸಿರಾಡುತ್ತಿರುವುದು ಜಗಳ ಒಂದೇ. ಗಂಡಹೆಂಡಿರ ಸಣ್ಣ ಮನಸ್ತಾಪಕ್ಕೆ ಈಗಲೂ 'ಟಿಫ್' ಅನ್ನುತ್ತಾರೆ. ತಿನ್ನುವುದು ಕುಡಿಯುವುದನ್ನು ನಾವು ಇಟ್ಟುಕೊಂಡೆವು, ಜಗಳವನ್ನು ಅವರು ಇಟ್ಟುಕೊಂಡರು.

ಟಿಫಿನ್ನಿನ ಈ ಹುಟ್ಟನ್ನು ಸರಿಯಾಗಿ ಹಿಡಿದು ತೋರಿಸಿದ್ದು 1886ರಲ್ಲಿ ಬಂದ 'ಹಾಬ್ಸನ್-ಜಾಬ್ಸನ್', ಆಂಗ್ಲೋ-ಇಂಡಿಯನ್ ಮಾತುಗಳ ನಿಘಂಟು. ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ಸೇರಿ ಮಾಡಿದ್ದು. ಬರ್ನೆಲ್ ನಮಗೆ ಪೂರ್ತಿ ಅಪರಿಚಿತನೇನಲ್ಲ. ಮಂಗಳೂರಿನ ಕಡೆ ಕೆಲಸದಲ್ಲಿದ್ದಾಗ ತುಳುನಾಡಿನ ಭೂತಾರಾಧನೆಯ ಪಾಡ್ದನಗಳನ್ನು ಕೂಡಿಹಾಕಿದವನು ಇವನೇ. ಟಿಫಿನ್ ಅರಬ್ಬಿಯ 'ತಫನ್ನುನ್' ಅನ್ನುವುದರಿಂದ ಬಂತು ಅಂತ ಆಗ ಕೆಲವರು ವಾದಿಸುತ್ತಿದ್ದರು. ಚೀನಿಯ 'ಚಿ-ಫಾನ್', ಅಂದರೆ 'ಅನ್ನ ಉಣ್ಣು' ಅನ್ನುವುದರಿಂದ ಅಂತ ಇನ್ನು ಕೆಲವರು. ಮೊದಲನೆಯದಕ್ಕೆ ಆಧಾರ ಇಲ್ಲ ಅಂತ ನಿಘಂಟು ತಳ್ಳಿಹಾಕುತ್ತದೆ. ಎರಡನೆಯದಕ್ಕೆ, ಮನಸ್ಸು ಮಾಡಿದರೆ ಜಗತ್ತಿನ ಯಾವ ಪದವನ್ನು ಬೇಕಾದರೂ ಚೀನಿಯ ಒಂಟಕ್ಷರಗಳಾಗಿ ಒಡೆದು ತೋರಿಸಬಹುದು ಅಂತ ಚುಚ್ಚುತ್ತದೆ. ಊರಲ್ಲಿ ಪ್ರತಿಯೊಂದು ಪದವನ್ನೂ ಸಂಸ್ಕೃತಕ್ಕೆ ಎಳೆದು ಕಟ್ಟುವವರನ್ನು ಕಂಡಾಗಲೆಲ್ಲ ನನಗೆ ಈ ಸಾಲು ನೆನಪಾಗುತ್ತದೆ.

ಅದೇ ನಿಘಂಟು ಎತ್ತಿಕೊಡುವ ಹಳೆಯ ಬಳಕೆಗಳಲ್ಲಿ ಒಂದು ನಮ್ಮ ನೆಲಕ್ಕೆ ಹತ್ತಿರದ್ದು. ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೈಲಿಯ ಪಡೆಯಲ್ಲಿದ್ದ ಅಧಿಕಾರಿಯೊಬ್ಬ ಬರೆದ ಯುದ್ಧದ ನೆನಪುಗಳಲ್ಲಿ ಬರುವ ಪದ್ಯ ಅದು. ಮಿತವಾದ ದಿನಗಳು ಆರೋಗ್ಯವಾಗಿ ಕಳೆಯುತ್ತಿವೆ, ನಮ್ಮ ಬೆಳಗಿನ ಹೊತ್ತನ್ನು ಯಾವ 'ಟ್ರಿಫಿಂಗ್'ಗಳೂ (ಟಿಫಿಂಗ್ ಅನ್ನುವುದರದೇ ಕಾಗುಣಿತ ತಪ್ಪು) ಮಲಿನ ಮಾಡುವುದಿಲ್ಲ ಅಂತ ಅದರ ತಾತ್ಪರ್ಯ. 1780ರ ಸೆಪ್ಟೆಂಬರಿನಲ್ಲಿ ಪೊಲ್ಲಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಸೈನ್ಯದ ಕೈಲಿ ಸೋತ ಪಡೆ ಇದು. ಬದುಕುಳಿದವರಲ್ಲಿ ಅನೇಕರು ಶ್ರೀರಂಗಪಟ್ಟಣದ ಸೆರೆಗೆ ಬಂದರು. ಬೈಲಿ 1782ರಲ್ಲಿ ಅಲ್ಲೇ ಸತ್ತ. ಅವನ ಸ್ಮಾರಕ ಇವತ್ತಿಗೂ ಗುಂಬಜ್ ಹತ್ತಿರ ಇದೆ. ಪ್ರವಾಸಕ್ಕೆ ಹೋದವರು ಕಾವೇರಿ ದಂಡೆಯ 'ಬೈಲಿ ಡಂಜನ್' ಎದುರು ಫೋಟೋ ತೆಗೆಸಿಕೊಳ್ಳುತ್ತಾರೆ. ಟಿಫಿನ್ನಿನ ಚರಿತ್ರೆಗೂ ಆ ಕರ್ನಲ್ಲನ ಪಡೆಗೂ ಇಂಥದ್ದೊಂದು ನಂಟಿದೆ ಅಂತ ಯಾವ ಗೈಡೂ ಹೇಳಿದ್ದು ನಾನು ಕೇಳಿಲ್ಲ.

ತಿಂಡಿಗೆ ಇಂಗ್ಲಿಷಿನಲ್ಲಿದ್ದ ಬೇರೆ ಹಳೆಯ ಹೆಸರುಗಳನ್ನು ಕೆದಕಿದರೂ ತಳದಲ್ಲಿ ಸಿಗುವುದು ಪಾನವೇ. 'ನಂಚನ್' ಅಂತ 14ನೇ ಶತಮಾನದ ಪದ ಒಂದಿದೆ. 'ನೂನ್' ಮತ್ತು 'ಶೆಂಚ್' ಸೇರಿ ಆದದ್ದು. ಶೆಂಚ್ ಅಂದರೆ ಹುಯ್ದು ಕೊಟ್ಟ ಗುಟುಕು. ಅಲ್ಲಿಗೆ ಅದು ನಡುಹಗಲಿನ ಗುಟುಕು. 'ಬೀವರ್' ಅಂತ ಇನ್ನೊಂದು, ಸುಗ್ಗಿಯ ಕಾಲದಲ್ಲಿ ಎಸೆಕ್ಸ್ ಕಡೆಯ ಹೊಲದಾಳುಗಳಿಗೆ ಕೊಡುತ್ತಿದ್ದದ್ದು. ಪ್ರಾಣಿಗೂ ಇದಕ್ಕೂ ಸಂಬಂಧವಿಲ್ಲ, ಹಳೆಯ ಫ್ರೆಂಚಿನ 'ಕುಡಿ' ಅನ್ನುವ ಧಾತು ಅದು. ಮೂರು ಪದ, ಮೂರಕ್ಕೂ ಮೂಲ ಬೀರಿನ ಚೊಂಬು. ರೊಟ್ಟಿಯೂ ಗಿಣ್ಣಿನ ಚೂರೂ ಆಮೇಲೆ ಜೊತೆಗೂಡಿದವು. ಇನ್ನು ನಾವೆಲ್ಲ ದಿನಕ್ಕೆ ಹತ್ತು ಸಲ ಹೇಳುವ 'ಸ್ನ್ಯಾಕ್' ಮೊದಲಿಗೆ ತಿನಿಸೇ ಅಲ್ಲ, ನಾಯಿ ಬಾಯಿ ಹಾಕಿ ಕಚ್ಚುವುದು. ಡಚ್ಚರ ಕಡೆಯಿಂದ ಬಂದ ಮಾತು. ಮುಂದೆ ಪಾಲು ಅಂತ ಅರ್ಥವಾಗಿ, ಕೊನೆಗೆ ಚಿಪ್ಸ್ ಪೊಟ್ಟಣಕ್ಕೆ ಬಂದು ನಿಂತಿತು.

ಕುಡಿಯುವುದರ ಹೆಸರಿನಲ್ಲಿ ತಿನ್ನಿಸುವ ಈ ಪದ್ಧತಿ ನಮಗೇನೂ ಹೊಸದಲ್ಲ. ನಾನು ಸಾಗರದ ಕಡೆಯವನು. ನಮ್ಮಲ್ಲಿ ಬಿಸಿಲಲ್ಲಿ ಬಂದವರನ್ನು ಮೊದಲು ಕೇಳುವುದು "ಆಸ್ರಿಗೆ ಎಂತ ಬೇಕು?" ಅಂತ. ಆಸರು ಅಂದರೆ ದಣಿವು, ಬಾಯಾರಿಕೆ. ಒಂದು ತಟ್ಟೆಯಲ್ಲಿ ಬೆಲ್ಲ, ಒಂದು ಚೊಂಬು ನೀರು ಬರುತ್ತದೆ. ಹಿಂದೆಯೇ ಕಷಾಯ, ಅದರ ಹಿಂದೆ ತೊಡೆದೇವೋ ಅವಲಕ್ಕಿಯೋ. ಮೈಸೂರು ಕಡೆಯ ಮನೆಯಲ್ಲಿ "ಭಾನುವಾರ ಕಾಫಿಗೆ ಬನ್ನಿ" ಅಂದರೆ ಉಪ್ಪಿಟ್ಟು, ಕೇಸರಿಬಾತು ಆಗಿರುತ್ತದೆ ಅಂತ ಲೆಕ್ಕ. ಇಲ್ಲಿ ಉತ್ತರ ಇಂಗ್ಲೆಂಡಿನಲ್ಲಿ "ಟೀಗೆ ಬನ್ನಿ" ಅಂದರೆ ಸಂಜೆಯ ಪೂರ್ತಿ ಊಟ. ಮಧ್ಯಾಹ್ನದ ಊಟ 'ಡಿನ್ನರ್'. ದಕ್ಷಿಣದ ಲಂಡನ್ನಿನವರಿಗೂ ಇದು ಅರ್ಥವಾಗದೆ ಪರದಾಡುತ್ತಾರೆ, ನಾವು ಯಾವ ಲೆಕ್ಕ.

ಹೆಂಡತಿ ಧಾರವಾಡದವಳು, ಅವಳ ಬಾಯಲ್ಲಿ ಅದು ನಾಷ್ಟಾ. ಹೊಲಕ್ಕೆ ಒಯ್ಯುವುದು ನ್ಯಾರಿ, ಬುತ್ತಿ. ತಿಂಡಿ, ಟಿಫಿನ್ನು, ನಾಷ್ಟಾ, ಫಲಾಹಾರ, ಉಪಾಹಾರ ಅಂತ ಒಂದು ತಟ್ಟೆಗೆ ಇಷ್ಟು ಹೆಸರಿರುವಾಗ ಇಂಗ್ಲಿಷರ ಪದ ನಮಗೇಕೆ ಬೇಕಾಯಿತು? ಇಂಗ್ಲಿಷ್ ಮೋಹ ಅಂತ ಒಂದೇ ಮಾತಲ್ಲಿ ಮುಗಿಸಿಬಿಡುವುದು ಸುಲಭ. ಬೋರ್ಡುಗಳನ್ನು ನೋಡಿದರೆ ಬೇರೆ ಕಾರಣವೂ ಕಾಣುತ್ತದೆ.

ಕಂಪನಿ ಕಾಲದ ಬಿಳಿಯರಿಗೆ ಟಿಫಿನ್ ಅಂದರೆ ಮಧ್ಯಾಹ್ನದ ಊಟ. ರಾತ್ರಿಯೂಟ ತಡವಾಗುತ್ತ ಹೋದ ಹಾಗೆ ಹಗಲಿನದು ಹಗುರಾಗಿ ಆ ಹೆಸರು ಪಡೆಯಿತು. ಅದು ದಕ್ಷಿಣದವರ ಕೈಗೆ ಬಂದಾಗ ಹೊತ್ತನ್ನು ಬಿಟ್ಟು ಪದಾರ್ಥವನ್ನು ಹಿಡಿಯಿತು. ನಮ್ಮಲ್ಲಿ ಊಟ ಅಂದರೆ ಅನ್ನವೋ ಮುದ್ದೆಯೋ ಇರಬೇಕು, ಎಲೆ ಹಾಕಬೇಕು, ಸಾರು ಬಡಿಸಬೇಕು. ಅನ್ನಕ್ಕೆ ಮುಸುರೆ ಇದೆ. ಯಾರು ಬೇಯಿಸಿದ್ದು, ಯಾರ ಪಕ್ಕ ಕೂತು ಉಂಡದ್ದು ಅನ್ನುವ ಪ್ರಶ್ನೆಗಳೆಲ್ಲ ಅನ್ನದ ಹಿಂದೆಯೇ ಬರುತ್ತವೆ. ಏಕಾದಶಿಯ ರಾತ್ರಿ ಉಪ್ಪಿಟ್ಟು ತಿಂದರೆ ಅದು ಊಟವಲ್ಲ, ಫಲಾಹಾರ. ಹಣ್ಣಿನ ಚೂರೂ ಇರದ ಫಲಾಹಾರ! ಹೀಗೆ ಊಟದ ಕಟ್ಟುಪಾಡಿಗೆ ಪೂರ್ತಿ ಸಿಗದ ಒಂದು ವರ್ಗ ನಮ್ಮಲ್ಲಿ ಆಗಲೇ ಇತ್ತು. ಟಿಫಿನ್ ಬಂದು ಅಲ್ಲಿ ಕೂತಿತು. ಬೆಳಗ್ಗೆ ಏಳಕ್ಕೆ ತಿಂದರೂ, ಸಂಜೆ ಐದಕ್ಕೆ ತಿಂದರೂ ದೋಸೆ ಟಿಫಿನ್ನೇ.

ಅದಕ್ಕೆ ಇನ್ನೊಂದು ಅನುಕೂಲವೂ ಇತ್ತು. 1924ರಲ್ಲಿ ಉಡುಪಿ ಕಡೆಯ ಪಾರಂಪಳ್ಳಿಯ ಯಜ್ಞನಾರಾಯಣ ಮಯ್ಯರು ಸೋದರರೊಂದಿಗೆ ಬೆಂಗಳೂರಿನಲ್ಲಿ ತೆರೆದ ಹೋಟೆಲಿನ ಹೆಸರು 'ಬ್ರಾಹ್ಮಿನ್ ಕಾಫಿ ಕ್ಲಬ್'. ಆ ಕಾಲದಲ್ಲಿ ಅಂಥ ಬೋರ್ಡು ಅಪರೂಪವೇನಲ್ಲ. ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿಯ ಹೋಟೆಲುಗಳ ಚೊಕ್ಕಟ ನೋಡಿ ಬಂದರು, ಪಾತ್ರೆಗಳನ್ನು ಹಬೆಯಲ್ಲಿ ಶುದ್ಧ ಮಾಡುವ ಪದ್ಧತಿ ತಂದರು. 1960ರಲ್ಲಿ ಲಾಲ್‌ಬಾಗ್ ರಸ್ತೆಯಲ್ಲಿ ಬೋರ್ಡು ಬದಲಾಯಿತು. ಅದೇ ಮಾವಳ್ಳಿ ಟಿಫಿನ್ ರೂಮ್ಸ್, ನಮ್ಮ ಎಂಟಿಆರ್. ಜಾತಿಯ ಹೆಸರು ಹೋಗಿ ಆ ಜಾಗದಲ್ಲಿ ಒಂದು ಬಡಾವಣೆಯ ಹೆಸರೂ ಒಂದು ಇಂಗ್ಲಿಷ್ ಬೀದಿಮಾತೂ ಬಂದು ಕೂತವು. ಮಲ್ಲೇಶ್ವರದ ಸಿಟಿಆರ್ ಅಂದರೂ ಸೆಂಟ್ರಲ್ ಟಿಫಿನ್ ರೂಮ್. ಟಿಫಿನ್ನಿಗೆ ಗೋತ್ರವಿಲ್ಲ. ಹೆಂಡದಂಗಡಿಯಲ್ಲಿ ಹುಟ್ಟಿದ್ದಕ್ಕೆ ಗೋತ್ರ ಎಲ್ಲಿಂದ ಬರಬೇಕು? ಈ ಪದ ನಮಗೆ ಮಾಡಿದ ಉಪಕಾರ ಸಣ್ಣದಲ್ಲ ಅಂತ ನನ್ನ ಎಣಿಕೆ.

ಇಷ್ಟೆಲ್ಲ ಹೇಳಿದ ಮೇಲೂ, ತಿಂಡಿಯ ವಿಷಯದಲ್ಲಿ ನನಗೆ ಇಲ್ಲಿಯವರನ್ನು ಕಂಡರೆ ಹೊಟ್ಟೆಕಿಚ್ಚು. ಅವರು ತಿನ್ನುವುದನ್ನು ಕಂಡಲ್ಲ, ಆ ಬಗ್ಗೆ ನನ್ನಲ್ಲಿ ಯಾವ ಆಸೆಯೂ ಇಲ್ಲ.

ನಾನು ಬಾರ್ನ್ಸ್‌ಲಿ ಹತ್ತಿರದ ಒಂದು ಕಾರ್ಖಾನೆಯಲ್ಲಿ ಇಂಜಿನಿಯರು. ಅಲ್ಲಿ ವಯಸ್ಸಾದ ಫಿಟ್ಟರುಗಳು ಬ್ರೇಕ್‌ಫಾಸ್ಟ್ ಅನ್ನುವುದಿಲ್ಲ, ಸ್ನ್ಯಾಕ್ ಅನ್ನುವುದಿಲ್ಲ. ಅವರದು 'ಸ್ನ್ಯಾಪ್'. ಹತ್ತು ಗಂಟೆಗೆ 'ಸ್ನ್ಯಾಪ್ ಟೈಮ್'. ಇದು ಕಲ್ಲಿದ್ದಲ ಗಣಿಯಿಂದ ಮೇಲೆ ಬಂದ ಮಾತು. ಯಾರ್ಕ್‌ಷೈರ್, ನಾಟಿಂಗ್‌ಹ್ಯಾಮ್, ಡರ್ಬಿ ಕಡೆಯ ಗಣಿಗಳಲ್ಲಿ ನೆಲದಡಿಗೆ ಒಯ್ಯುತ್ತಿದ್ದ ಬುತ್ತಿ. ಒಬ್ಬ ಫಿಟ್ಟರು ತನ್ನ ಅಪ್ಪನ ಡಬ್ಬಿ ತಂದು ತೋರಿಸಿದ್ದ. ತಗಡಿನದು, ಒಂದರೊಳಗೊಂದು ಜಾರುವ ಎರಡು ಹೋಳು. ಆಕಾರ ಥೇಟ್ ಒಂದು ಬ್ರೆಡ್ ಚೂರಿನದ್ದು; ಮೂರು ಕಡೆ ನೇರ, ನೆತ್ತಿ ಮಾತ್ರ ಗುಂಡಗೆ. ಸೊಂಟದ ಬೆಲ್ಟಿಗೆ ಸಿಕ್ಕಿಸಲು ಒಂದು ಬಳೆ. ಇಲಿಗಳ ಬಾಯಿಗೆ ಸಿಗಬಾರದು, ಬಗ್ಗಿ ನಡೆಯುವಾಗ ಪಕ್ಕೆಗೆ ಚುಚ್ಚಬಾರದು. ಒಳಗೆ ಬ್ರೆಡ್ಡು, ಅದಕ್ಕೆ ಜಾಮೋ ದನದ ಕೊಬ್ಬೋ ಸವರಿದ್ದು. ಬದಿಗೆಲ್ಲ ನೆಗ್ಗು. ಮೂಸಿ ನೋಡಿದೆ, ಬರೀ ತುಕ್ಕಿನ ವಾಸನೆ. "ಅಪ್ಪ ಯಾವತ್ತೂ ಒಂದು ತುತ್ತು ಉಳಿಸಿ ತರುತ್ತಿದ್ದ, ನಾವು ಅದಕ್ಕೆ ಕಿತ್ತಾಡುತ್ತಿದ್ದೆವು" ಅಂದ. ಗದ್ದೆಯಿಂದ ಬರುವ ಬುತ್ತಿಯ ತಳದ ಅವಲಕ್ಕಿಗೆ ನಾವೂ ಹೀಗೇ ಬಾಯಿ ಬಿಡುತ್ತಿದ್ದೆವು.

ಈಗ ಆ ಗಣಿಗಳಿಲ್ಲ. 1984-85ರ ಮುಷ್ಕರದ ನಂತರ ಒಂದೊಂದೇ ಮುಚ್ಚಿದವು. ದೇಶದ ಕೊನೆಯ ಆಳದ ಕಲ್ಲಿದ್ದಲ ಗಣಿ, ಇದೇ ಯಾರ್ಕ್‌ಷೈರಿನ ಕೆಲಿಂಗ್ಲಿ, 2015ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ವೇಕ್‌ಫೀಲ್ಡ್ ಹತ್ತಿರದ ಕ್ಯಾಪ್‌ಹೌಸ್ ಗಣಿ ಮ್ಯೂಸಿಯಂ ಆಗಿದೆ, ಸುಮಾರು 140 ಮೀಟರ್ ಕೆಳಗೆ ಇಳಿಸಿ ತೋರಿಸುತ್ತಾರೆ. ಗಣಿ ಹೋದರೂ ಸ್ನ್ಯಾಪ್ ಹೋಗಿಲ್ಲ. ಡರ್ಹಮ್ ಕಡೆ ಇದಕ್ಕೇ 'ಬೇಟ್' ಅನ್ನುತ್ತಾರೆ. ಮೀನಿನ ಗಾಳಕ್ಕೆ ಸಿಕ್ಕಿಸುವ ಬೇಟ್ ಇದೆಯಲ್ಲ, ಅದೇ. ವೈಕಿಂಗರ ಭಾಷೆಯಿಂದ ಬಂದು, ದಾರಿಯಲ್ಲಿ ಕುದುರೆಗೆ ಮೇವು ಹಾಕುವುದಕ್ಕೂ ಆಗಿ, ಮನುಷ್ಯರ ಡಬ್ಬಿಗೂ ಬಂತು. ಪೂರ್ವದ ಜೌಗುನಾಡಿನ ಹೊಲಗಳಲ್ಲಿ 'ಡಾಕಿ'. ತಿನ್ನಲು ಕೂತ ಹೊತ್ತಿನ ಕೂಲಿ ಹಿಡಿಯುತ್ತಿದ್ದರಂತೆ, ಅದಕ್ಕೆ ಆ ಹೆಸರು ಅನ್ನುತ್ತಾರೆ. ನಿಜವೋ ಕಟ್ಟುಕತೆಯೋ, ಕೂಲಿಯವರ ಕಹಿಯಂತೂ ಅದರಲ್ಲಿದೆ. ಕಾರ್ನ್‌ವಾಲಿನ ತವರದ ಗಣಿಗಳಲ್ಲಿ 'ಕ್ರಿಬ್', 'ಕ್ರೌಸ್ಟ್'. ಕಾರ್ನ್‌ವಾಲಿನ ಗಣಿಗಾರರು 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿಯ ಹಿಂದೆ ನಮ್ಮ ಕೋಲಾರಕ್ಕೂ ಬಂದರು, ಆಸ್ಟ್ರೇಲಿಯಾಕ್ಕೂ ಹೋದರು. ಆಸ್ಟ್ರೇಲಿಯಾದ ಗಣಿಗಳಲ್ಲಿ ತಿಂಡಿಯ ಕೋಣೆಗೆ ಇವತ್ತಿಗೂ 'ಕ್ರಿಬ್ ರೂಮ್' ಅಂತಲೇ ಹೆಸರು. ಹನ್ನೊಂದು ಗಂಟೆಯ ಚಹಾ ಬಿಸ್ಕತ್ತಿಗೆ 'ಇಲೆವೆನ್ಸಸ್' ಅನ್ನುವ ಮಾತಂತೂ ಗಡಿಯಾರವನ್ನೇ ತಟ್ಟೆಯಲ್ಲಿ ಇಟ್ಟಿದೆ.

ಈ ಪದಗಳಲ್ಲಿ ಒಂದಾದರೂ ತಿನಿಸಿನ ರುಚಿ ಹೇಳುತ್ತದೆಯೇ ನೋಡಿ. ಇಲ್ಲ. ಹೇಳಲು ರುಚಿಯೇ ಇಲ್ಲ ಅಂತ ನನ್ನ ಹೆಂಡತಿ ಅನ್ನುತ್ತಾಳೆ, ಇರಬಹುದು. ಅವು ಹೇಳುವುದು ಕೈಕೆಲಸ ನಿಲ್ಲಿಸುವ ಹೊತ್ತನ್ನು. ಹತ್ತು ಗಂಟೆಗೆ ನಮ್ಮ ಶಾಪಿನಲ್ಲಿ ಯಂತ್ರಗಳು ಒಂದೊಂದಾಗಿ ನಿಲ್ಲುತ್ತವೆ. ಸ್ಪ್ಯಾನರ್ ಇದ್ದಲ್ಲೇ ಇಟ್ಟು ಎಲ್ಲರೂ ಮೆಸ್ ರೂಮಿಗೆ ನಡೆಯುತ್ತಾರೆ. ಮ್ಯಾನೇಜರ್ ಬಂದು "ಒಂದು ನಿಮಿಷ" ಅಂದರೆ "ಸ್ನ್ಯಾಪ್ ಟೈಮ್" ಅಂತ ತಲೆ ಎತ್ತದೆ ಉತ್ತರ ಬರುತ್ತದೆ. ಅವನೂ ಸುಮ್ಮನೆ ಹೋಗುತ್ತಾನೆ. ತಣ್ಣಗಿನ ಹ್ಯಾಮ್ ಸ್ಯಾಂಡ್‌ವಿಚ್, ಒಂದು ಸೇಬು, ದೊಡ್ಡ ಮಗ್ಗಿನಲ್ಲಿ ಕಡುಚಹಾ. ಯಾರೂ ಯಾರಿಗೂ ಬಡಿಸುವುದಿಲ್ಲ. ಯಾರೂ ಯಾರಿಗಾಗಿಯೂ ನಿಂತಿರುವುದಿಲ್ಲ. ಎಲ್ಲರೂ ಒಟ್ಟಿಗೆ ಕೂರುತ್ತಾರೆ, ಒಟ್ಟಿಗೆ ಏಳುತ್ತಾರೆ.

ನಮ್ಮ ಕಡೆಯ ತಿಂಡಿಯ ಹೊತ್ತನ್ನು ಇದರ ಪಕ್ಕ ಇಟ್ಟು ನೋಡಿ. ಹೆಂಚಿನ ಮೇಲೆ ದೋಸೆ. ಕಾವಲಿಗೆ ಈರುಳ್ಳಿ ಹೋಳಿನಿಂದ ಎಣ್ಣೆ ಸವರಿ, ಒಂದು ಸೌಟು ಹಿಟ್ಟು ಹುಯ್ದು, ಮುಚ್ಚಿ, ತೆಗೆದು, ಮಗುಚಿ, ತಟ್ಟೆಗೆ. ಅಪ್ಪನಿಗೆ ಒಂದು, ಅಣ್ಣನಿಗೆ ಒಂದು, ಬಂದ ನೆಂಟರಿಗೆ ಎರಡು, ಮತ್ತೆ ಅಪ್ಪನಿಗೆ. ಬಿಸಿಯಾಗಿ ಗರಿಗರಿಯಾಗಿ ಒಂದರ ಹಿಂದೆ ಒಂದು ಬರಬೇಕು, ನಡುವೆ ತಡವಾದರೆ "ಎಲ್ಲಿ ದೋಸೆ?" ಅಂತ ಕೂಗು. ಆಯಿ ಒಲೆಯ ಮುಂದೆಯೇ. ಕರೆದರೆ ಒಂದೇ ಮಾತು: "ನಿಂಗ ತಿನ್ನಿ, ಯಂದು ಆಮೇಲೆ ಆಗ್ತು." ಆ ಆಮೇಲೆ ಯಾವಾಗ ಆಗುತ್ತಿತ್ತು ಅಂತ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಿಟ್ಟಿನ ಪಾತ್ರೆಯ ತಳ ಕೆರೆದು ಹುಯ್ದ ಕೊನೆಯ ದೋಸೆ, ಅದೂ ಅರ್ಧ ಹರಿದದ್ದು, ತಳದ ಚಟ್ನಿಗೆ ಒಂದಿಷ್ಟು ನೀರು ಸೇರಿಸಿಕೊಂಡು, ಅಡುಗೆಮನೆ ಹೊಸಿಲ ಮೇಲೆ.

ನಮ್ಮ ತಿಂಡಿ ಜಗತ್ತಿನಲ್ಲೇ ಶ್ರೇಷ್ಠ ಅಂತ ಯುಗಾದಿ, ರಾಜ್ಯೋತ್ಸವಗಳಿಗೆ ಇಲ್ಲಿಯ ಕನ್ನಡ ಬಳಗದಲ್ಲಿ ಭಾಷಣ ಆಗುತ್ತದೆ. ಒಪ್ಪುತ್ತೇನೆ. ಆದರೆ ಶ್ರೇಷ್ಠತೆಯ ಬೆಲೆಯನ್ನು ಒಬ್ಬಳ ಬಾಬ್ತಿಗೆ ಬರೆದಿದ್ದೇವೆ. ನಮ್ಮ ಪದಗಳನ್ನೇ ಕೇಳಿ: ಗರಿಗರಿ, ಬಿಸಿಬಿಸಿ, ಮೃದು, ಕುರುಕಲು. ಎಲ್ಲ ತಿನ್ನುವವನ ನಾಲಿಗೆಯ ಕಡೆಯಿಂದ. ಬುತ್ತಿ, ನ್ಯಾರಿಗಳಲ್ಲಿ ದುಡಿಯುವವನ ಹೊತ್ತು ಇದೆ, ನಿಜ. ಆ ಬುತ್ತಿ ಕಟ್ಟಿಕೊಟ್ಟವಳ ಹೊತ್ತಿಗೆ ಹೆಸರಿಲ್ಲ.

ಕಾನೂನಿನ ಕಾಗದ ನೋಡಿದರೆ ನಾವೇ ಮುಂದಿದ್ದೆವು. 2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ ನಮ್ಮ 1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ಐದು ಗಂಟೆಗಿಂತ ಹೆಚ್ಚು ಒಂದೇ ಸಮನೆ ದುಡಿಸುವಂತಿರಲಿಲ್ಲ, ನಡುವೆ ಅರ್ಧ ಗಂಟೆ ಬಿಡುವು ಕೊಡಬೇಕಿತ್ತು. ಬ್ರಿಟನ್ನಿನ 1998ರ ನಿಯಮ ಆರು ಗಂಟೆ ಮೀರಿದ ಕೆಲಸಕ್ಕೆ ಕೊಡುವುದು ಇಪ್ಪತ್ತೇ ನಿಮಿಷ. ಬೆಂಗಳೂರಿನ ದರ್ಶಿನಿಯ ಕಟ್ಟೆಗೆ ಮೊಣಕೈ ಊರಿ ನಿಂತೇ ಇಡ್ಲಿ ನುಂಗುವವನನ್ನು ಕೇಳಿ, ಆ ಅರ್ಧ ಗಂಟೆ ಎಲ್ಲಿ ಹೋಯಿತು ಅಂತ. ದರ್ಶಿನಿಗಳ ಮೇಲೆ ನನಗೆ ಸಿಟ್ಟಿಲ್ಲ, ಊರಿಗೆ ಬಂದಾಗ ಮೊದಲು ಓಡುವುದೇ ಅಲ್ಲಿಗೆ. ಆದರೆ ಕಾವಲಿ ಮುಂದೆ ನಿಂತ ಹುಡುಗ ಯಾವಾಗ ತಿಂಡಿ ತಿಂದ ಅಂತ ನಾವು ಯಾರೂ ಕೇಳುವುದಿಲ್ಲ. ಮನೆಯ ಒಲೆಗಂತೂ ಎರಡೂ ದೇಶದ ಕಾಯ್ದೆ ಬರುವುದಿಲ್ಲ.

ಇಂಗ್ಲಿಷರು ಇದನ್ನು ಪೂರ್ತಿ ಉಳಿಸಿಕೊಂಡಿದ್ದಾರೆ ಅಂತಲ್ಲ. ಸ್ನ್ಯಾಪ್ ಇರುವುದು ಶಾಪ್‌ಫ್ಲೋರಿನಲ್ಲಿ ಮಾತ್ರ. ಅದೇ ಕಟ್ಟಡದ ಮಹಡಿಯ ಆಫೀಸಿನಲ್ಲಿ ಎಲ್ಲರೂ 'ಮೀಲ್ ಡೀಲ್' ಗಿರಾಕಿಗಳು. ಸೂಪರ್‌ಮಾರ್ಕೆಟ್ಟಿನ ತ್ರಿಕೋನದ ಸ್ಯಾಂಡ್‌ವಿಚ್ಚು, ಒಂದು ಚಿಪ್ಸ್ ಪೊಟ್ಟಣ, ಒಂದು ಬಾಟ್ಲಿ ಪಾನೀಯ, ಮೂರೂ ಸೇರಿ ಒಂದು ರೇಟು. ಕಂಪ್ಯೂಟರ್ ಮುಂದೆಯೇ ಎಡಗೈಯಲ್ಲಿ ಸ್ಯಾಂಡ್‌ವಿಚ್ಚು, ಬಲಗೈಯಲ್ಲಿ ಮೌಸು. ಕೀಬೋರ್ಡಿನ ಸಂದಿಯಲ್ಲಿ ಬ್ರೆಡ್ಡಿನ ಪುಡಿ. ಇವರಲ್ಲಿ ಯಾರೂ ತಮ್ಮ ತಿನಿಸಿಗೆ ಒಂದು ಹೆಸರಿಟ್ಟುಕೊಂಡಿಲ್ಲ. ಕೆಳಗಿನ ಫಿಟ್ಟರಿಗಿಂತ ಸಂಬಳ ಜಾಸ್ತಿ, ಎದ್ದು ಹೋಗುವ ಧೈರ್ಯ ಕಡಿಮೆ. ನಾನು ಮಹಡಿಯವನು, ಆದರೂ ಡಬ್ಬಿ ಹಿಡಿದು ಕೆಳಗೇ ಹೋಗುತ್ತೇನೆ. ಮೊದಮೊದಲು ಒಗ್ಗರಣೆ ಅವಲಕ್ಕಿಯ ಇಂಗಿನ ಘಾಟಿಗೆ ಮೂಗು ಅರಳಿಸಿ ನೋಡುತ್ತಿದ್ದರು. ಈಗ ಮುಚ್ಚಳ ತೆಗೆದರೆ ಒಬ್ಬಿಬ್ಬರು ಚಮಚ ಹಿಡಿದೇ ಬರುತ್ತಾರೆ. ಟಿಫಿನ್ ನಿಮ್ಮ ಮಾತೇ ಕಣ್ರಯ್ಯಾ ಅಂತ ಗ್ರೋಸನ ನಿಘಂಟಿನ ಕತೆ ಹೇಳಿದರೆ ಅವರಿಗೆ ಹಿಡಿಸಿದ್ದು ಆ ಮೂರನೆಯ ಅರ್ಥ ಒಂದೇ.

ಮನೆಯಲ್ಲಿ ನಾವು ಮಾಡಿಕೊಂಡ ಬದಲಾವಣೆ ಸಣ್ಣದು. ಭಾನುವಾರದ ತಿಂಡಿಗೆ ಈಗ ದೋಸೆಯಿಲ್ಲ. ಇಡ್ಲಿ, ಇಲ್ಲವೇ ಕೊಟ್ಟೆ ಕಡುಬು, ಇಲ್ಲವೇ ಉಪ್ಪಿಟ್ಟು. ಒಟ್ಟಿನಲ್ಲಿ ಒಮ್ಮೆಗೇ ಇಳಿಸಿ ಮೇಜಿನ ಮೇಲೆ ಇಟ್ಟುಬಿಡುವಂಥದ್ದು. ಎಲ್ಲರೂ ಕೂತ ಮೇಲೆ ಯಾರೂ ಏಳುವಂತಿಲ್ಲ, ಉಪ್ಪು ಕಮ್ಮಿಯಾಗಿದ್ದರೂ ಏಳುವಂತಿಲ್ಲ. ಇದಕ್ಕೆ ಮಕ್ಕಳು ಇಟ್ಟ ಹೆಸರು ಸ್ನ್ಯಾಪ್ ಟೈಮ್. ಹೆಂಡತಿಗೆ ಮಾತ್ರ ಈ ಏರ್ಪಾಡು ಇನ್ನೂ ಪೂರ್ತಿ ಒಗ್ಗಿಲ್ಲ. ಕೂತಲ್ಲೇ ಒಲೆಯ ಕಡೆ ಕತ್ತು ತಿರುಗಿಸುತ್ತಾಳೆ, "ಹಿಂಗ ಸುಮ್ನ ಕುಂತ್ರ ಏನೋ ಮರತಂಗ ಆಗತೈತಿ ನೋಡ್ರಿ" ಅನ್ನುತ್ತಾಳೆ.

ಕಳೆದ ಬೇಸಗೆಯಲ್ಲಿ ಬೆಂಗಳೂರಿನಿಂದ ಚಿಕ್ಕಪ್ಪ ಬಂದಿದ್ದರು. ಒಂದು ಬೆಳಗ್ಗೆ ಅವರಿಗಾಗಿಯೇ ದೋಸೆ. ಎಲ್ಲರದ್ದೂ ಹುಯ್ದು ಮುಗಿಯುವವರೆಗೆ ಬಟ್ಟೆ ಮುಚ್ಚಿದ ಡಬ್ಬಿಯಲ್ಲಿ ಪೇರಿಸಿಟ್ಟು, ಆಮೇಲೆ ಒಟ್ಟಿಗೆ ಕೂತೆವು. ಚಿಕ್ಕಪ್ಪ ಒಂದನ್ನು ಎತ್ತಿ ನೋಡಿದರು. "ಏನೋ ಇದು, ಮೆತ್ತಗಾಗಿ ಹೋಗಿದೆಯಲ್ಲೋ. ದೋಸೆ ಅಂದ್ರೆ ಕಾವಲಿಯಿಂದ ನೇರ ತಟ್ಟೆಗೆ ಬರ್ಬೇಕು."

"ಬರುತ್ತೆ ಚಿಕ್ಕಪ್ಪ, ಕಾವಲಿ ಇನ್ನೂ ಬಿಸಿ ಇದೆ. ಹಿಟ್ಟು ಫ್ರಿಜ್ಜಿನಲ್ಲಿದೆ" ಅಂದೆ.

ಅವರು ಎದ್ದರು. ಮೊದಲಿನದು ಕಾವಲಿಗೆ ಅಂಟಿತು, ಎರಡನೆಯದು ನಮ್ಮ ರಾಜ್ಯದ ನಕಾಶೆಯ ಹಾಗೆ ಬಂತು, ಬೀದರಿನ ಕಡೆ ಸ್ವಲ್ಪ ಸುಟ್ಟಿತ್ತು. ಮೂರನೆಯದು ಚೆನ್ನಾಗಿಯೇ ಆಯಿತು. ಅದನ್ನು ನನ್ನ ಹೆಂಡತಿಯ ತಟ್ಟೆಗೆ ಹಾಕಿದರು.